ಲಾಯ ಮತ್ತು ಸಾರೋಟಿನ ಮನೆ: ಇಟ್ಟಿಗೆಯ ಕಟ್ಟಡವೊಂದರ ಓದು

1. ಪ್ರವೇಶ

ಅರಮನೆ, ದೇವಾಲಯ, ಕೋಟೆಕೊತ್ತಲಗಳ ವಾಸ್ತುವನ್ನು ಕುರಿತು ನಮ್ಮಲ್ಲಿ ವಿಪುಲವಾದ ಬರವಣಿಗೆ ನಡೆದಿದೆ. ಆದರೆ ಅರಮನೆಯ ಪಕ್ಕದಲ್ಲೇ ನಿಂತು ಅದರ ನಿತ್ಯದ ಬದುಕನ್ನು ಸಾಗಿಸಿದ ಕಟ್ಟಡಗಳತ್ತ ವಿದ್ವಾಂಸರ ಗಮನ ಅಷ್ಟಾಗಿ ಹರಿದಿಲ್ಲ. ಅಡುಗೆಮನೆ, ಉಗ್ರಾಣ, ಕುದುರೆಲಾಯ, ಸಾರೋಟಿನ ಮನೆ ಮೊದಲಾದವು ಇತಿಹಾಸದ ಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತವೆ. ಈ ಅಲಕ್ಷ್ಯಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. ಅಲ್ಲಿ ಶಿಲ್ಪವಿಲ್ಲ, ಚಿತ್ರವಿಲ್ಲ, ಶಾಸನವೂ ಅಪರೂಪ. ಅಲ್ಲಿ ಬದುಕಿದವರು ಬರೆಯಲಿಲ್ಲ. ಬರೆಯಬಲ್ಲವರು ಅಲ್ಲಿ ಬದುಕಲಿಲ್ಲ.

ಹೀಗಿದ್ದರೂ ಲಾಯವೆಂಬುದು ಓದಬಹುದಾದ ಒಂದು ಪಠ್ಯವೇ ಆಗಿದೆ. ಅರಮನೆಯ ಮುಂಭಾಗ ಒಡೆಯನ ಅಭಿರುಚಿಯನ್ನೂ ಅವನು ಲೋಕಕ್ಕೆ ತೋರಿಸಬಯಸಿದ ಘನತೆಯನ್ನೂ ಹೇಳುತ್ತದೆ. ಲಾಯದ ಒಳಭಾಗವಾದರೋ ಪ್ರಾಣಿಯೊಂದರ ದೇಹದ ಅಳತೆಯನ್ನೂ ಅದರ ಸೇವೆಗೆ ನಿಂತ ಆಳಿನ ದುಡಿಮೆಯನ್ನೂ ದಾಖಲಿಸುತ್ತದೆ. ಕಂಬಗಳ ನಡುವಣ ಅಂತರ, ನೆಲದ ಇಳಿಜಾರು, ಕಿಟಕಿಯ ಎತ್ತರ, ಬಾಗಿಲಿನ ಅಗಲ ಇವುಗಳಲ್ಲಿ ಯಾವುದೂ ಅಲ್ಲಿ ಆಕಸ್ಮಿಕವಲ್ಲ. ಆ ಕಾರಣಗಳು ಮರೆತುಹೋದಾಗ ಕಟ್ಟಡ ಉಳಿದರೂ ಅದರ ಅರ್ಥ ಉಳಿಯುವುದಿಲ್ಲ. ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದಲ್ಲಿರುವ ಕಾಲ್ಕ್ ಆ್ಯಬಿ ಎಂಬ ಹಳೆಯ ಜಮೀನುದಾರಿ ಮನೆಯ ಇಟ್ಟಿಗೆಯ ಲಾಯ ಹಾಗೂ ಸಾರೋಟಿನ ಮನೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ವಿಶದಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಂದರ್ಭ ಬಂದಲ್ಲಿ ನಮ್ಮ ಪರಂಪರೆಯ ಸಂಗತಿಗಳನ್ನೂ ಹೋಲಿಕೆಗೆ ತೆಗೆದುಕೊಳ್ಳಲಾಗಿದೆ.

2. ಹೆಸರುಗಳ ಸಾಕ್ಷ್ಯ

ಭಾಷೆಯ ವಿದ್ಯಾರ್ಥಿಗೆ ಕಟ್ಟಡದ ಮೊದಲ ಬಾಗಿಲು ಅದರ ಹೆಸರು. ಕನ್ನಡದ ‘ಲಾಯ’ ತೆಲುಗಿನಲ್ಲಿ ‘ಲಾಯಂ’ ಎಂದೂ ತಮಿಳಿನಲ್ಲಿ ‘ಇಲಾಯಂ’ ಎಂದೂ ಕಾಣಿಸಿಕೊಳ್ಳುತ್ತದೆ. ಸಂಸ್ಕೃತದ ‘ವಾಜಿಶಾಲೆ’ಗೆ ಅಮರಕೋಶವು ‘ಮಂದುರಾ’ ಎಂಬ ಪರ್ಯಾಯವನ್ನು ಕೊಡುತ್ತದೆ. ಮುಂಬಯಿಯ ಕನ್ನಡಿಗರು ದಿನವೂ ಕೇಳುವ ‘ತಬೇಲಾ’ ಎಂಬ ಮಾತು ಅರಬ್ಬಿ ಮೂಲದ್ದು. ಪ್ರಾಣಿಯನ್ನು ಕಟ್ಟುವ ಉದ್ದನೆಯ ಹಗ್ಗ ಎಂಬ ಅರ್ಥದಿಂದ ಹೊರಟು, ಹಗ್ಗ ಕಟ್ಟಿದ ಜಾಗವನ್ನೇ ಅದು ಸೂಚಿಸತೊಡಗಿತು. ಇಂಗ್ಲಿಷಿನ ‘ಸ್ಟೇಬಲ್’ ಲ್ಯಾಟಿನ್ ಭಾಷೆಯ ‘ನಿಲ್ಲು’ ಎಂಬ ಧಾತುವಿನಿಂದ ಬಂದಿದೆ. ಒಂದು ಭಾಷೆ ಕಟ್ಟುವ ಕ್ರಿಯೆಯಿಂದಲೂ ಇನ್ನೊಂದು ನಿಲ್ಲುವ ಕ್ರಿಯೆಯಿಂದಲೂ ಅದೇ ಕಟ್ಟಡವನ್ನು ಗುರುತಿಸಿರುವುದು ಗಮನಾರ್ಹ.

ಲಾಯವು ಅಧಿಕಾರದ ಕೇಂದ್ರವೂ ಆಗಿತ್ತೆಂಬುದಕ್ಕೆ ಶಬ್ದಗಳೇ ಆಧಾರ. ನಾವು ನಿತ್ಯ ಬಳಸುವ ‘ಕಾನ್‌ಸ್ಟೇಬಲ್’ ಎಂಬ ಪದದ ಮೂಲರೂಪಕ್ಕೆ ‘ಲಾಯದ ಅಧಿಪತಿ’ ಎಂದರ್ಥ. ಸೇನಾಪದವಿಯಾದ ‘ಮಾರ್ಷಲ್’ ಕೂಡ ಮೊದಲಿಗೆ ಕುದುರೆಯ ಸೇವಕನನ್ನೇ ಸೂಚಿಸುತ್ತಿತ್ತು. ಕನ್ನಡ ಶಾಸನಗಳಲ್ಲಿ ಬರುವ ‘ಸಾಹಣಿ’, ‘ಮಹಾಸಾಹಣಿ’, ‘ಗಜಸಾಹಣಿ’ ಎಂಬ ಅಧಿಕಾರಸೂಚಕ ಪದಗಳನ್ನು ಇಲ್ಲಿ ನೆನೆಯಬೇಕು. ಕುದುರೆ ಆನೆಗಳ ಪಾಲನೆಯನ್ನು ವಹಿಸಿಕೊಂಡವನು ರಾಜ್ಯದ ಗಣ್ಯರಲ್ಲಿ ಒಬ್ಬನಾಗಿದ್ದುದು ಎರಡು ದೂರದ ಸಮಾಜಗಳಲ್ಲಿ ಸ್ವತಂತ್ರವಾಗಿ ನಡೆದ ಬೆಳವಣಿಗೆ.

‘ಕೋಚು’ ಎಂಬ ಪದದ ಪಯಣ ಇನ್ನೂ ಸ್ವಾರಸ್ಯಕರವಾದುದು. ಹಂಗೆರಿ ದೇಶದ ಕೋಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಬಂಡಿಗೆ ಆ ಊರಿನ ಹೆಸರೇ ಅಂಟಿಕೊಂಡು, ಯೂರೋಪಿನ ಹಲವು ಭಾಷೆಗಳನ್ನು ಹಾದು, ಇಂಗ್ಲಿಷಿನ ಮೂಲಕ ನಮ್ಮ ‘ಕೋಚುಬಂಡಿ’ಯವರೆಗೆ ಬಂದಿತು. ಲಂಡನ್ನಿನ ರಾಜಲಾಯಕ್ಕೆ ‘ಮ್ಯೂಸ್’ ಎಂದು ಹೆಸರು. ಅದು ಮೊದಲು ಬೇಟೆಯ ಡೇಗೆಗಳು ಗರಿ ಉದುರಿಸುವ ಕಾಲದಲ್ಲಿ ಅವುಗಳನ್ನು ಇರಿಸುತ್ತಿದ್ದ ಮನೆ. 1534ರಲ್ಲಿ ಆ ಕಟ್ಟಡ ಬೆಂಕಿಗೆ ಆಹುತಿಯಾಗಿ, ಆ ಸ್ಥಳದಲ್ಲಿ ಕುದುರೆಗಳಿಗಾಗಿ ಹೊಸ ಕಟ್ಟಡ ಎದ್ದಾಗಲೂ ಹಕ್ಕಿಯ ಹೆಸರೇ ಉಳಿಯಿತು. ಕಟ್ಟಡದ ಉಪಯೋಗ ಬದಲಾದರೂ ಹೆಸರು ಹಳೆಯದನ್ನು ಕಾಪಾಡಿಕೊಂಡು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

3. ಕಾಲ್ಕ್ ಆ್ಯಬಿ: ನೆಲೆ ಮತ್ತು ಕಾಲ

ಹನ್ನೆರಡನೆಯ ಶತಮಾನದಲ್ಲಿ ಅಗಸ್ಟೀನ್ ಪಂಥದ ಸಂನ್ಯಾಸಿಗಳ ಮಠವಿದ್ದ ನೆಲೆಯಲ್ಲಿ, 1701ರಿಂದ 1704ರ ಅವಧಿಯಲ್ಲಿ, ಸರ್ ಜಾನ್ ಹಾರ್ಪರ್ ಎಂಬ ಜಮೀನುದಾರ ಈಗಿನ ಮನೆಯನ್ನು ಕಟ್ಟಿಸಿದನು. ಅದು ಬರೋಕ್ ಶೈಲಿಯ, ಕಲ್ಲಿನ ಮುಖವುಳ್ಳ ಭವ್ಯವಾದ ಮನೆ. ಅದಾದ ಕೆಲವೇ ವರ್ಷಗಳಲ್ಲಿ, 1712ರಿಂದ 1716ರವರೆಗೆ, ಲಾಯದ ಕಟ್ಟಡಗಳು ಎದ್ದವು. ಇವುಗಳನ್ನು ಕಟ್ಟಿದವನು ಸಮೀಪದ ಬರ್ಟನ್ ಪಟ್ಟಣದ ವಿಲಿಯಂ ಗಿಲ್ಕ್ಸ್. ಅರ್ಧ ಶತಮಾನದ ನಂತರ, 1768ರಲ್ಲಿ, ಜೋಸೆಫ್ ವ್ಯಾಟ್ ಎಂಬ ನಿರ್ಮಾಪಕ ಇದಕ್ಕೆ ಸವಾರಿಶಾಲೆಯನ್ನು ಸೇರಿಸಿದನು. ಮಳೆ, ಹಿಮಗಳ ದಿನಗಳಲ್ಲಿ ಮಾಡಿನ ಕೆಳಗೇ ಕುದುರೆಗಳನ್ನು ಪಳಗಿಸಲು ಕಟ್ಟಿದ ವಿಶಾಲವಾದ ಹಜಾರವಿದು.

ಮನೆ ಕಲ್ಲಿನದು, ಲಾಯ ಇಟ್ಟಿಗೆಯದು ಎಂಬ ಭೇದವನ್ನು ಮೊದಲಿಗೇ ಗುರುತಿಸಬೇಕು. ಇದು ಕೇವಲ ಖರ್ಚಿನ ಪ್ರಶ್ನೆಯಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಕಟ್ಟಡಗಳಿಗೂ ಒಂದು ಬಗೆಯ ಶ್ರೇಣಿಯಿತ್ತು. ಒಡೆಯನ ವಾಸಕ್ಕೆ ಕಲ್ಲು, ಸೇವೆಯ ಕಟ್ಟಡಕ್ಕೆ ಇಟ್ಟಿಗೆ, ದನದ ಕೊಟ್ಟಿಗೆಗೆ ಮರ ಎಂಬ ಕ್ರಮ ಅನೇಕ ಕಡೆ ಕಾಣುತ್ತದೆ. ಲಾಯವು ಸೇವೆಯ ಕಟ್ಟಡಗಳಲ್ಲಿ ಮೇಲಿನ ಸ್ಥಾನದ್ದು. ಅತಿಥಿಗಳ ಕಣ್ಣಿಗೆ ಬೀಳುವಂಥದ್ದು. ಆದುದರಿಂದ ಇಟ್ಟಿಗೆಯ ಗೋಡೆಗೆ ಮೂಲೆಗಳಲ್ಲೂ ಬಾಗಿಲು ಕಿಟಕಿಗಳ ಸುತ್ತಲೂ ಕಲ್ಲಿನ ಅಂಚು ಕೊಟ್ಟು ಅದನ್ನು ಅಲಂಕರಿಸುವ ಪದ್ಧತಿ ಬೆಳೆಯಿತು. ಲಾಯವು ಮನೆಯ ಭಾಷೆಯನ್ನೇ ಸ್ವಲ್ಪ ತಗ್ಗಿದ ದನಿಯಲ್ಲಿ ಆಡುತ್ತದೆ.

ಲಾಯಕ್ಕೆ ದೊರೆತ ಈ ಮನ್ನಣೆ ಹೊಸದೇನಲ್ಲ. ಲಂಡನ್ನಿನ ಪಶ್ಚಿಮಕ್ಕಿರುವ ಆಸ್ಟರ್ಲಿಯಲ್ಲಿ ಹದಿನಾರನೆಯ ಶತಮಾನದ ಕೆಂಪು ಇಟ್ಟಿಗೆಯ ಲಾಯ ಈಗಲೂ ನಿಂತಿದೆ. ಚೆಷೈರ್ ಪ್ರಾಂತದ ಪೀವರ್ ಹಾಲ್‌ನಲ್ಲಿ, ತಾಯಿಯೊಬ್ಬಳು ಮಗನಿಗೆ ಕಾಣಿಕೆಯಾಗಿ 1654ರಲ್ಲಿ ಕಟ್ಟಿಸಿಕೊಟ್ಟ ಲಾಯದೊಳಗೆ ಕೆತ್ತನೆಯ ಕಂಬಗಳೂ ಗಾರೆಯ ಅಲಂಕರಣವುಳ್ಳ ಒಳಮಾಡೂ ಇವೆ. ಕುದುರೆಯ ಒಡೆತನ ಗೌರವದ ಲಕ್ಷಣವಾಗಿದ್ದ ಸಮಾಜದಲ್ಲಿ ಅದರ ಮನೆಯೂ ಗೌರವದ ವಸ್ತುವಾಗುವುದು ಸಹಜ. ಹಂಪಿಯಲ್ಲಿ ಗಜಶಾಲೆಯೆಂದು ಕರೆಯಲಾಗುವ, ಸಾಲಾಗಿ ನಿಂತ ಹನ್ನೊಂದು ಗುಮ್ಮಟಗಳ ಕಟ್ಟಡವನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

4. ಇಟ್ಟಿಗೆ ಮತ್ತು ಗಾರೆ

ಇಟ್ಟಿಗೆಯು ಮನುಷ್ಯನ ಒಂದು ಕೈಗೆ ಒಗ್ಗುವ ಅಳತೆಯ ವಸ್ತು. ಒಂದು ಕೈಯಲ್ಲಿ ಕರಣೆ, ಇನ್ನೊಂದರಲ್ಲಿ ಇಟ್ಟಿಗೆ ಹಿಡಿದು ಗಾರೆಕೆಲಸದವನು ಗೋಡೆ ಏರಿಸುತ್ತಾನೆ. ಅದರ ಉದ್ದ ಅಗಲದ ಎರಡರಷ್ಟಿರುವುದರಿಂದಲೇ ಒಂದರ ಮೇಲೊಂದು ಸಂದು ಬಾರದಂತೆ ಹೆಣೆಯುವುದು ಸಾಧ್ಯ. ಒಂದು ವರಸೆಯಲ್ಲಿ ಉದ್ದದ ಮುಖ, ಮುಂದಿನ ವರಸೆಯಲ್ಲಿ ಅಡ್ಡಮುಖ ಬರುವಂತೆ ಕಟ್ಟುವುದು ಇಂಗ್ಲಿಷ್ ಕಟ್ಟು. ಒಂದೇ ವರಸೆಯಲ್ಲಿ ಉದ್ದ ಅಡ್ಡಗಳು ಒಂದಾದ ಮೇಲೊಂದು ಬರುವಂತೆ ಜೋಡಿಸುವುದು ಫ್ಲೆಮಿಷ್ ಕಟ್ಟು. ಹದಿನೇಳನೆಯ ಶತಮಾನದ ಉತ್ತರಾರ್ಧದಿಂದ ಮುಂಭಾಗದ ಸೊಗಸಿಗೆ ಎರಡನೆಯದನ್ನೇ ಹೆಚ್ಚಾಗಿ ಆರಿಸಿಕೊಂಡರು. ಆದುದರಿಂದ ಗೋಡೆಯೊಂದರ ಹೆಣಿಗೆಯನ್ನು ನೋಡಿ ಅದರ ಕಾಲವನ್ನು ಸ್ಥೂಲವಾಗಿ ಊಹಿಸುವುದು ಸಾಧ್ಯ. ಹಸ್ತಪ್ರತಿಯ ಲಿಪಿಯನ್ನು ನೋಡಿ ನಾವು ಅದರ ಕಾಲವನ್ನು ಊಹಿಸುವಂತೆಯೇ ಇದು.

ಕಾಲ್ಕ್ ಆ್ಯಬಿಗೆ ಸೇರಿದ ಟಿಕ್‌ನಲ್ ಗ್ರಾಮ ಸುಣ್ಣದ ಕಲ್ಲಿನ ಗಣಿಗಳಿಗೂ ಕುಂಬಾರಿಕೆಗೂ ಹೆಸರಾಗಿತ್ತು. ಇಟ್ಟಿಗೆಗೆ ಬೇಕಾದ ಜೇಡಿ, ಗಾರೆಗೆ ಬೇಕಾದ ಸುಣ್ಣ ಎರಡೂ ದೊರೆಯುವ ಸೀಮೆಯಲ್ಲಿ ಇಟ್ಟಿಗೆಯ ಲಾಯ ಎದ್ದುದು ಆ ನೆಲಕ್ಕೆ ಸಹಜವಾದ ಸಂಗತಿ. ಸುಣ್ಣದ ಗಾರೆ ಸಿಮೆಂಟಿನಂತೆ ಬಿರುಸಾದುದಲ್ಲ. ಗೋಡೆಯೊಳಗೆ ಸೇರಿದ ತೇವ ಅದರ ಮೂಲಕ ಮೆಲ್ಲನೆ ಹೊರಬೀಳುತ್ತದೆ. ಹಳೆಯ ಇಟ್ಟಿಗೆಗೋಡೆಯ ಸಂದುಗಳಿಗೆ ಈಚಿನ ಕಾಲದಲ್ಲಿ ಸಿಮೆಂಟು ತುಂಬಿದ ಕಡೆಗಳಲ್ಲೆಲ್ಲ, ಹೊರಹೋಗಲು ದಾರಿಯಿಲ್ಲದ ತೇವ ಇಟ್ಟಿಗೆಯನ್ನೇ ಆಶ್ರಯಿಸಿ, ಅದರ ಮುಖ ಪದರ ಪದರವಾಗಿ ಉದುರುವುದನ್ನು ಕಾಣಬಹುದು. ಗಟ್ಟಿಮಾಡಬೇಕೆಂಬ ಉತ್ಸಾಹವೇ ಕೇಡಿಗೆ ಕಾರಣವಾಗುವ ಬಗೆ ಇದು.

ಲಾಯದ ಗೋಡೆಗೆ ಇನ್ನೊಂದು ವಿಶೇಷ ತೊಂದರೆಯಿದೆ. ಕುದುರೆಯ ಮೂತ್ರ ನೆಲಕ್ಕಿಳಿದು, ಅಲ್ಲಿಂದ ಗೋಡೆಗೇರಿ, ಉಪ್ಪಾಗಿ ಬೆಳ್ಳಗೆ ಹೊರಸೂಸುತ್ತದೆ. ಇದರಲ್ಲಿ ನಮ್ಮವರು ಪೆಟ್ಲುಪ್ಪು ಎನ್ನುವ ಲವಣವೂ ಉಂಟು. ಸಿಡಿಮದ್ದಿನ ತಯಾರಿಕೆಗೆ ಇದು ಅಗತ್ಯವಾದ ಕಾರಣ, ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜನ ಪರವಾನಗಿ ಪಡೆದ ಜನ ಇಂಗ್ಲೆಂಡಿನ ಲಾಯಗಳಿಗೂ ಪಾರಿವಾಳದ ಮನೆಗಳಿಗೂ ನುಗ್ಗಿ ನೆಲವನ್ನು ಅಗೆದು ಮಣ್ಣನ್ನು ಒಯ್ಯುತ್ತಿದ್ದರು. ಒಡೆಯರಿಗೆ ಇದು ದೊಡ್ಡ ಪೀಡೆಯಾಗಿತ್ತು. ಮುಂದೆ ಈಸ್ಟ್ ಇಂಡಿಯಾ ಕಂಪೆನಿ ಬಿಹಾರದಿಂದ ಪೆಟ್ಲುಪ್ಪನ್ನು ಹಡಗುಗಳಲ್ಲಿ ತುಂಬಿ ಒಯ್ಯತೊಡಗಿದ ಮೇಲೆ ಈ ಅಗೆತದ ಅಗತ್ಯವೇ ತಪ್ಪಿತು. ಇಂಗ್ಲೆಂಡಿನ ಲಾಯದ ನೆಲ ನೆಮ್ಮದಿಯಾಗಿ ಉಳಿದುದರ ಹಿಂದೆ ಗಂಗಾನದಿಯ ಬಯಲಿನ ದುಡಿಮೆಗಾರರ ಬೆವರೂ ಇದೆ.

5. ಅಂಕಣ, ಗೋದಲಿ, ನೆಲ

ಕನ್ನಡನಾಡಿನ ಹಳೆಯ ಮನೆಗಳನ್ನು ಅಂಕಣಗಳ ಲೆಕ್ಕದಲ್ಲಿ ಅಳೆಯುವುದುಂಟು. ಎರಡು ಕಂಬಸಾಲುಗಳ ನಡುವಣ ಜಾಗವೇ ಅಂಕಣ. ಲಾಯದ ವಾಸ್ತುವೂ ಇದೇ ಬಗೆಯದು. ಒಂದು ಕುದುರೆ ನಿಲ್ಲುವ ಜಾಗ ಒಂದು ಅಂಕಣ. ಅಂತಹ ಅಂಕಣಗಳ ಸಂಖ್ಯೆಯೇ ಲಾಯದ ಅಳತೆ. ಇಂಗ್ಲೆಂಡಿನ ರೂಢಿಯಲ್ಲಿ ಅಂಕಣ ಸುಮಾರು 6 ಅಡಿ ಅಗಲ, 9 ಅಡಿ ಉದ್ದ ಇರುತ್ತದೆ. ಇದಕ್ಕಿಂತ ಕಿರಿದಾದರೆ ಕುದುರೆ ಮಲಗಲಾರದು; ಅಗಲವಾದರೆ ಅಡ್ಡತಿರುಗಿ ಸಿಕ್ಕಿಕೊಳ್ಳುತ್ತದೆ. ಎರಡು ಅಂಕಣಗಳ ನಡುವೆ ಮರದ ಅಡ್ಡಗೋಡೆ. ತಲೆಯ ಕಡೆ ಎತ್ತರ, ಹಿಂಬದಿಗೆ ಬರುತ್ತಾ ತಗ್ಗು. ತಲೆಯ ಕಡೆ ಎತ್ತರವಿರುವುದು ಪಕ್ಕದ ಕುದುರೆಯನ್ನು ಕಚ್ಚದಿರಲಿ, ಅದರ ಮೇವಿಗೆ ಬಾಯಿ ಹಾಕದಿರಲಿ ಎಂದು. ಕೊನೆಯಲ್ಲಿ ನಿಂತ ಕಂಬಕ್ಕೆ ಮೇಲುಗಡೆ ಒಂದು ಉರುಟಾದ ತಲೆ. ಅಲಂಕಾರವೆಂದು ತೋರುವ ಈ ಭಾಗವೂ ಚೂಪಾದ ಅಂಚಿನಿಂದ ಪ್ರಾಣಿಗೆ ಗಾಯವಾಗದಿರಲೆಂಬ ಎಚ್ಚರದಿಂದ ಹುಟ್ಟಿದ್ದು.

ಮುಂದುಗಡೆ ಧಾನ್ಯಕ್ಕೆ ಗೋದಲಿ, ಅದರ ಮೇಲೆ ಹುಲ್ಲಿಗೆ ಸರಳುಗಳ ತಟ್ಟಿ. ಹಳೆಯ ಲಾಯಗಳಲ್ಲಿ ಈ ತಟ್ಟಿ ಕುದುರೆಯ ತಲೆಗಿಂತ ಮೇಲಿರುತ್ತಿತ್ತು. ಅಟ್ಟದಿಂದ ಹುಲ್ಲನ್ನು ನೇರವಾಗಿ ಕೆಳಕ್ಕೆ ತಳ್ಳಲು ಇದು ಅನುಕೂಲ. ಆದರೆ ಹುಲ್ಲಿನ ದೂಳು, ಬೀಜಗಳು ಕುದುರೆಯ ಕಣ್ಣಿಗೆ ಬೀಳುತ್ತವೆ ಎಂಬ ಆಕ್ಷೇಪ ಹತ್ತೊಂಬತ್ತನೆಯ ಶತಮಾನದಲ್ಲಿ ಬಲವಾಗಿ ಕೇಳಿಬಂದು, ತಟ್ಟಿ ಕೆಳಗಿಳಿಯಿತು. ಆಳಿನ ಅನುಕೂಲಕ್ಕೂ ಪ್ರಾಣಿಯ ಹಿತಕ್ಕೂ ನಡುವೆ ನಡೆದ ಈ ವಾದ ತಟ್ಟಿಯ ಎತ್ತರದಲ್ಲಿ ಬರೆದಿಟ್ಟಂತಿದೆ.

ನೆಲಕ್ಕೆ ಚೆನ್ನಾಗಿ ಸುಟ್ಟ ಗಟ್ಟಿಯಾದ ಇಟ್ಟಿಗೆ ಅಥವಾ ಗುಂಡುಕಲ್ಲು ಹಾಸಿ, ಹಿಂಬದಿಯ ಕಾಲುವೆಯತ್ತ ಅತ್ಯಲ್ಪವಾದ ಇಳಿಜಾರು ಕೊಡುತ್ತಾರೆ. ಇಳಿಜಾರು ಹೆಚ್ಚಾದರೆ ಇಡೀ ರಾತ್ರಿ ನಿಂತ ಕುದುರೆಯ ಕಾಲಿನ ನರಗಳಿಗೆ ನೋವು; ಕಡಿಮೆಯಾದರೆ ನೆಲ ಒದ್ದೆ. ಕಿಟಕಿಗಳು ಎತ್ತರದಲ್ಲಿರುತ್ತವೆ, ಬೆಳಕು ನೇರವಾಗಿ ಕಣ್ಣಿಗೆ ಹೊಡೆಯಬಾರದು, ಗಾಳಿ ಮೈಮೇಲೆ ಬೀಸಬಾರದು, ಆದರೆ ಕಾವೇರಿದ ಕೆಟ್ಟ ಗಾಳಿ ಮೇಲಿನಿಂದ ಹೊರಹೋಗಬೇಕು. ಲಾಯದ ಮಾಡಿನ ಮೇಲೆ ಕಾಣುವ ಪುಟ್ಟ ಗೋಪುರದಂತಹ ರಚನೆ ಎಷ್ಟೋ ಕಡೆ ಇದೇ ಗಾಳಿಯ ದಾರಿ. ಅದರಲ್ಲೇ ಗಡಿಯಾರವನ್ನು ಕೂರಿಸುವ ರೂಢಿಯೂ ಇತ್ತು. ಇಡೀ ಜಮೀನಿನ ದುಡಿಮೆ ಲಾಯದ ಅಂಗಳದ ಗಂಟೆಗೆ ಹೊಂದಿಕೊಂಡು ನಡೆಯುತ್ತಿತ್ತು.

ಇಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಆ ಗ್ರಂಥದ ಅಶ್ವಾಧ್ಯಕ್ಷ ಪ್ರಕರಣದಲ್ಲಿ ಲಾಯದ ಲಕ್ಷಣ ಬರುತ್ತದೆ. ಕುದುರೆಗಳ ಸಂಖ್ಯೆಗೆ ತಕ್ಕ ಉದ್ದ, ಕುದುರೆಯ ಉದ್ದದ ಎರಡರಷ್ಟು ಅಗಲ, ನಾಲ್ಕು ಬಾಗಿಲು, ನಡುವೆ ಕುದುರೆ ಹೊರಳಾಡುವಷ್ಟು ಜಾಗ ಇರಬೇಕು. ಒಂದೊಂದು ಕುದುರೆಗೂ ಅದರ ಮೈಯುದ್ದದ ಚೌಕವಾದ ಸ್ಥಾನ, ನುಣುಪಾದ ಹಲಗೆಯ ನೆಲ, ಮೇವಿನ ತೊಟ್ಟಿ, ಮಲಮೂತ್ರ ಹೊರಹೋಗಲು ದಾರಿ ಬೇಕು. ಮುಖ ಪೂರ್ವಕ್ಕೋ ಉತ್ತರಕ್ಕೋ ಇರಬೇಕು. ಕೋತಿ, ನವಿಲು, ಜಿಂಕೆ, ಮುಂಗುಸಿ, ಚಕೋರ, ಗಿಳಿ, ಮೈನಾಗಳೂ ಅಲ್ಲಿರಬೇಕು. ಹಾವು ಮತ್ತು ವಿಷದ ಭಯಕ್ಕೆ ಈ ಪ್ರಾಣಿಪಕ್ಷಿಗಳು ಕಾವಲೆಂಬುದನ್ನು ಅದೇ ಗ್ರಂಥದ ಅರಮನೆಯ ಪ್ರಕರಣದಿಂದ ಊಹಿಸಬಹುದು.

ಇವೆರಡನ್ನೂ ಹೋಲಿಸಿದಾಗ ಒಂದು ವ್ಯತ್ಯಾಸ ಎದ್ದುಕಾಣುತ್ತದೆ. ಇಂಗ್ಲೆಂಡಿನ ಅಂಕಣ ಅಗಲ ಕಡಿಮೆ, ಉದ್ದ ಹೆಚ್ಚು; ಅಲ್ಲಿ ಕುದುರೆ ಕಟ್ಟಿಹಾಕಿದಂತೆ ಒಂದೇ ದಿಕ್ಕಿಗೆ ನಿಲ್ಲಬೇಕು. ಅರ್ಥಶಾಸ್ತ್ರದ ಸ್ಥಾನ ಚೌಕ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಲೇಖಕರು ಕುದುರೆಯನ್ನು ಕಟ್ಟದೆ, ಸುಮಾರು 12 ಅಡಿ ಚೌಕದ ಕೋಣೆಯಲ್ಲಿ ಬಿಡುವುದು ಉತ್ತಮವೆಂದು ವಾದಿಸತೊಡಗಿದರು. ಪ್ರಾಣಿಯ ಮೈಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ಹೊರಟವರು, ಕಾಲದೇಶಗಳು ಬೇರೆಯಾದರೂ, ಚೌಕದ ಬಳಿಗೇ ಬಂದು ಸೇರಿದ್ದಾರೆ.

6. ಸಾರೋಟಿನ ಮನೆ

ಸಾರೋಟಿನ ಮನೆ ಲಾಯದ ನೆರೆಯಲ್ಲೇ ಇದ್ದರೂ ಅದರೊಡನೆ ಒಂದೇ ಗಾಳಿಯನ್ನು ಹಂಚಿಕೊಳ್ಳುವುದಿಲ್ಲ. ಲಾಯದಿಂದ ಏಳುವ ಅಮೋನಿಯಾ ಸಾರೋಟಿನ ಬಣ್ಣ, ವಾರ್ನಿಷ್, ಚರ್ಮದ ಹೊದಿಕೆಗಳನ್ನು ಕೆಡಿಸುತ್ತದೆ. ಆದ್ದರಿಂದ ಎರಡರ ನಡುವೆ ಗಟ್ಟಿಗೋಡೆ ಬೇಕು, ನೇರವಾದ ಬಾಗಿಲು ಇರಕೂಡದು. ಸಾಧ್ಯವಾದಲ್ಲಿ ಸಾರೋಟಿನ ಮನೆಯ ಬಾಗಿಲನ್ನು ಉತ್ತರಕ್ಕೆ ಇಡುತ್ತಿದ್ದರು. ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ, ಮರ ಬಿರಿಯುತ್ತದೆ. ಕೌಟಿಲ್ಯನ ಲಾಯವೂ ಉತ್ತರದ ದಿಕ್ಕನ್ನು ಹೇಳುತ್ತದೆ, ಇಂಗ್ಲೆಂಡಿನ ಸಾರೋಟಿನ ಮನೆಯೂ ಹೇಳುತ್ತದೆ. ಆದರೆ ಮೊದಲನೆಯದು ಕುದುರೆಯ ಮುಖದ ಮಾತು, ಎರಡನೆಯದು ಬಣ್ಣದ ಮಾತು. ದಿಕ್ಕು ಒಂದೇ ಆದ ಮಾತ್ರಕ್ಕೆ ಕಾರಣವೂ ಒಂದೇ ಎಂದು ತಿಳಿಯಬಾರದು.

ಈ ಕಟ್ಟಡವನ್ನು ಹೊರಗಿನಿಂದಲೇ ಗುರುತಿಸಲು ಬಾಗಿಲುಗಳು ಸಾಕು. ಲಾಯದ ಬಾಗಿಲು ಒಂದು ಕುದುರೆ, ಒಬ್ಬ ಆಳು ಹಾಯುವಷ್ಟು ಅಗಲ. ಸಾರೋಟಿನ ಮನೆಗಾದರೋ ಸಾಲಾಗಿ ಅಗಲವಾದ ಜೋಡಿಬಾಗಿಲುಗಳು, ಮೇಲೆ ಚಪ್ಪಟೆಯಾದ ಇಟ್ಟಿಗೆಯ ಕಮಾನು. ಅಗಲವಾದ ತೆರಪಿನ ಮೇಲೆ ಇಟ್ಟಿಗೆಯ ಭಾರವನ್ನು ಎರಡೂ ಬದಿಗೆ ಹಂಚುವುದು ಕಮಾನಿನ ಕೆಲಸ. ಬಾಗಿಲಿನ ಎರಡೂ ಕಡೆ ಬುಡದಲ್ಲಿ ಮೊಂಡಾದ ಕಲ್ಲುಗಳನ್ನು ನೆಟ್ಟಿರುತ್ತಾರೆ. ಗಾಲಿಯ ಗುಂಬ ಗೋಡೆಯ ಮೂಲೆಗೆ ಬಡಿದು ಇಟ್ಟಿಗೆ ಒಡೆಯದಿರಲೆಂದು ಇಟ್ಟ ಈ ಕಲ್ಲುಗಳ ಮೇಲಿನ ಉಜ್ಜುಗಾಯಗಳು ನೂರಾರು ವರ್ಷಗಳ ಬರುವಿಕೆ ಹೋಗುವಿಕೆಗಳ ಲೆಕ್ಕಪತ್ರ.

ಮೂರನೆಯದು ಜೀನಿನ ಕೋಣೆ. ಜೀನು, ಲಗಾಮು, ಚರ್ಮದ ಪಟ್ಟಿಗಳು ಒದ್ದೆಯಾದರೆ ಬೂಸಲು ಹಿಡಿಯುತ್ತವೆ, ಅತಿಯಾಗಿ ಒಣಗಿದರೆ ಬಿರಿಯುತ್ತವೆ. ಆದ್ದರಿಂದ ಲಾಯದ ಸಮುಚ್ಚಯದಲ್ಲಿ ಬೆಂಕಿಗೂಡು ಇರುತ್ತಿದ್ದ ಕೆಲವೇ ಕೋಣೆಗಳಲ್ಲಿ ಇದೂ ಒಂದು. ಚಳಿಯ ರಾತ್ರಿಗಳಲ್ಲಿ ಆಳುಗಳು ಇಲ್ಲಿ ಬಂದು ಸೇರುತ್ತಿದ್ದುದು ಸಹಜವೇ. ಅವರ ಮೈಗೆ ಸಿಕ್ಕಿದ ಬೆಚ್ಚನೆಯ ಕಾವು ಮೂಲತಃ ಚರ್ಮಕ್ಕಾಗಿ ಹೊತ್ತಿಸಿದ್ದು.

7. ಅಟ್ಟದ ಮೇಲಿನ ಬದುಕು

ಲಾಯದ ಅಟ್ಟದ ಒಂದು ಭಾಗ ಹುಲ್ಲಿಗೆ, ಇನ್ನೊಂದು ಭಾಗ ಕುದುರೆಯಾಳುಗಳಿಗೆ. ಕೆಳಗಿನ ಪ್ರಾಣಿಗಳ ಮೈಶಾಖ ಮೇಲಕ್ಕೇರಿ ಅವರನ್ನು ಬೆಚ್ಚಗಿಡುತ್ತಿತ್ತು. ಅದರೊಡನೆಯೇ ವಾಸನೆಯೂ ಏರುತ್ತಿತ್ತು. ಒಣಹುಲ್ಲು, ಮರದ ಅಟ್ಟ, ದೀಪದ ಬೆಳಕು ಮೂರೂ ಒಂದೆಡೆ ಸೇರಿದ ಜಾಗದಲ್ಲಿ ಬೆಂಕಿಯ ಭಯ ನಿತ್ಯದ್ದು. ಕುದುರೆಗೆ ರಾತ್ರಿ ಹೊಟ್ಟೆನೋವು ಬಂದರೆ, ಹಗ್ಗ ಸಿಕ್ಕಿಕೊಂಡರೆ, ಸದ್ದು ಕೇಳಿ ಇಳಿದುಬರಲು ಆಳು ಮೇಲೆಯೇ ಮಲಗಿರಬೇಕು. ಹಾಗಾಗಿ ಅಟ್ಟದ ಕೋಣೆ ಅವನಿಗೆ ಕೊಟ್ಟ ವಸತಿಯಷ್ಟೇ ಅಲ್ಲ, ಅವನ ಕೆಲಸದ ಮುಂದುವರಿಕೆ.

ಇಲ್ಲಿಯೂ ಶ್ರೇಣಿ ಇತ್ತು. ಸಾರೋಟು ನಡೆಸುವವನು ಎಲ್ಲರಿಗಿಂತ ಮೇಲೆ. ಅವನಿಗೆ ಸಂಸಾರದೊಡನೆ ಇರಲು ಪ್ರತ್ಯೇಕವಾದ ಕೋಣೆಗಳು ದೊರೆಯುವುದುಂಟು. ಅವನ ಕೆಳಗೆ ಮಾಲೀಸು ಮಾಡುವ ಆಳುಗಳು, ಅವರ ಕೆಳಗೆ ಸಗಣಿ ಬಾಚುವ ಹುಡುಗರು. ನಮ್ಮ ನಾಡಿನ ಸೈಸನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಕನ್ನಡದಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಗ್ರಂಥ ರಚಿಸಿದ್ದಾನೆ. ಆದರೆ ಆ ಮದ್ದನ್ನು ಅರೆದು, ಕುದುರೆಯ ಬಾಯಿ ತೆರೆಸಿ ಹಾಕಿದ ಕೈಯ ಹೆಸರು ನಮಗೆ ದೊರೆಯುವುದಿಲ್ಲ. ಕಡಿದಾದ ಅಟ್ಟದ ಮೆಟ್ಟಿಲು, ಸವೆದ ಹೊಸಿಲು, ಮೊಳೆ ಹೊಡೆದ ಗೂಟ ಇವೇ ಅಂತಹವರ ಹಸ್ತಾಕ್ಷರಗಳು.

8. ಮೋಟಾರಿನ ಆಗಮನ ಮತ್ತು ಸಂರಕ್ಷಣೆಯ ಪ್ರಶ್ನೆ

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಮೋಟಾರು ವಾಹನವು ಲಾಯದ ಲೋಕವನ್ನು ಒಂದೇ ತಲೆಮಾರಿನಲ್ಲಿ ಮುಗಿಸಿತು. ಹೆಚ್ಚಿನ ಮನೆಗಳಲ್ಲಿ ಸಾರೋಟಿನ ಮನೆಯೇ ಮೋಟಾರಿನ ಮನೆಯಾಯಿತು. ಅಂಕಣಗಳ ಮರದ ಅಡ್ಡಗೋಡೆಗಳನ್ನು ಕಿತ್ತುಹಾಕಲಾಯಿತು. ಕಾಲ್ಕ್ ಆ್ಯಬಿಯಲ್ಲಿ ಮಾತ್ರ ಬೇರೆ ಬಗೆ ನಡೆಯಿತು. 1886ರಲ್ಲಿ ಉತ್ತರಾಧಿಕಾರಕ್ಕೆ ಬಂದ ಸರ್ ವಾನ್ಸಿ ಹಾರ್ಪರ್ ಕ್ರೂ ಜನರ ಸಂಪರ್ಕಕ್ಕಿಂತ ಹಕ್ಕಿಗಳ ಸಂಗ್ರಹವನ್ನು ಹೆಚ್ಚು ಪ್ರೀತಿಸಿದವನು. ತನ್ನ ಜಮೀನಿನೊಳಗೆ ಮೋಟಾರನ್ನು ಬಿಡಲು ಆತ ಒಪ್ಪಲಿಲ್ಲ. ಬಂದವರು ಹೊರಗೇಟಿನ ಬಳಿ ಮೋಟಾರಿನಿಂದ ಇಳಿದು, ಮನೆಯಿಂದ ಕಳಿಸಿದ ಕುದುರೆಗಾಡಿಯನ್ನು ಏರಬೇಕಾಗಿತ್ತು. 1924ರಲ್ಲಿ ಅವನು ತೀರಿಕೊಳ್ಳುವವರೆಗೂ ಈ ನಿಯಮ ನಡೆಯಿತು. ಆ ಮನೆಗೆ ವಿದ್ಯುತ್ತು ಬಂದುದೇ 1962ರಲ್ಲಿ. ಒಬ್ಬನ ಹಟದಿಂದ ಲಾಯಕ್ಕೆ ಸುಮಾರು ಎರಡು ದಶಕಗಳ ಆಯುಷ್ಯ ಹೆಚ್ಚು ದೊರೆಯಿತು, ಸಾರೋಟುಗಳೂ ಉಳಿದುಕೊಂಡವು.

1981ರಲ್ಲಿ ಅಂದಿನ ಒಡೆಯ ನಿಧನ ಹೊಂದಿದಾಗ ಸುಮಾರು 80 ಲಕ್ಷ ಪೌಂಡುಗಳ ಉತ್ತರಾಧಿಕಾರ ತೆರಿಗೆಯ ಹೊರೆ ಕುಟುಂಬದ ಮೇಲೆ ಬಿತ್ತು. ಕೊನೆಗೆ 1985ರಲ್ಲಿ ಆಸ್ತಿಯು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿ, 1989ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಸಂಸ್ಥೆಯವರು ಇಲ್ಲಿ ತೆಗೆದುಕೊಂಡ ನಿಲುವು ವಿಚಾರಯೋಗ್ಯವಾದುದು. ಹಳೆಯ ವೈಭವವನ್ನು ಮರಳಿ ತರಲು ಅವರು ಹೊರಡಲಿಲ್ಲ. ಸೋರುವ ಮಾಡನ್ನು ಸರಿಪಡಿಸಿದರು, ಬೀಳುವುದನ್ನು ನಿಲ್ಲಿಸಿದರು. ಸಿಪ್ಪೆಯೆದ್ದ ಬಣ್ಣ, ಮಾಸಿದ ಗೋಡೆಗಳನ್ನು ಕಂಡಂತೆಯೇ ಉಳಿಸಿದರು. ಅವನತಿಯೂ ಇತಿಹಾಸದ ಒಂದು ಅಧ್ಯಾಯವೆಂದು ಒಪ್ಪಿಕೊಂಡ ನಿಲುವು ಇದು.

ಗ್ರಂಥಸಂಪಾದನೆಯ ಶಿಸ್ತನ್ನು ಬಲ್ಲವರಿಗೆ ಈ ನಿಲುವು ಪರಿಚಿತವೆನಿಸಬೇಕು. ತ್ರುಟಿತವಾದ ಹಸ್ತಪ್ರತಿಯಲ್ಲಿ ಅಳಿದ ಅಕ್ಷರವನ್ನು ಸಂಪಾದಕನು ತನ್ನ ಕಲ್ಪನೆಯಿಂದ ತುಂಬಿ ಮೂಲವೆಂದು ಸಾರಬಾರದು. ಲೋಪವಿರುವ ಕಡೆ ಲೋಪವನ್ನೇ ತೋರಿಸಬೇಕು. ಆದರೆ ಇದಕ್ಕೆ ಪ್ರತಿಯಾದ ವಾದವೂ ಇದೆ. ಖಾಲಿ ಕಟ್ಟಡ ಬಹುಕಾಲ ನಿಲ್ಲಲಾರದು. ಅದಕ್ಕೊಂದು ಉಪಯೋಗ ಬೇಕು, ಆದಾಯ ಬೇಕು. ಇಂಗ್ಲೆಂಡಿನ ಅನೇಕ ಲಾಯಗಳು ಇಂದು ವಸತಿಗಳಾಗಿವೆ, ಉಪಾಹಾರಗೃಹಗಳಾಗಿವೆ. ಕಾಲ್ಕ್ ಆ್ಯಬಿಯ ಲಾಯದ ಅಂಗಳದಲ್ಲಿಯೂ ಸಂದರ್ಶಕರಿಗೆ ಊಟೋಪಚಾರದ ವ್ಯವಸ್ಥೆಯಿದೆ. ಇದನ್ನು ಅಪಚಾರವೆಂದು ಕರೆಯುವುದು ಸರಿಯಲ್ಲ. ಪ್ರಶ್ನೆ ಇರುವುದು ಉಪಯೋಗ ಬದಲಾಯಿತೇ ಎಂಬುದರಲ್ಲಲ್ಲ, ಹಳೆಯ ಉಪಯೋಗದ ಗುರುತುಗಳು ಓದಲು ಉಳಿದಿವೆಯೇ ಎಂಬುದರಲ್ಲಿ. ಅಂಕಣದ ಅಡ್ಡಗೋಡೆ, ಗೋದಲಿ, ನೆಲದ ಕಾಲುವೆ, ಅಟ್ಟದ ಕಿಂಡಿ ಇಷ್ಟು ಉಳಿದರೆ ಕಟ್ಟಡ ಲಾಯವಾಗಿಯೇ ಉಳಿಯುತ್ತದೆ. ಇವನ್ನು ಕಿತ್ತು ಹೊರಗೋಡೆಯನ್ನಷ್ಟೇ ಹೊಳಪುಗೊಳಿಸಿದರೆ ಉಳಿಯುವುದು ರಟ್ಟು ಮಾತ್ರ. ಒಳಗಿನ ಹಾಳೆಗಳು ಹೋದಂತೆಯೇ ಸರಿ.

9. ಸಮಾರೋಪ

ಮುಂಬಯಿಯಲ್ಲಿ ಬದುಕುವ ನಮಗೆ ಈ ವಿಷಯ ಹೊರಗಿನದಲ್ಲ. 1874ರಲ್ಲಿ ಈ ನಗರದಲ್ಲಿ ಟ್ರಾಮು ಓಡಲು ಆರಂಭಿಸಿದಾಗ ಅದನ್ನು ಎಳೆದವು ಕುದುರೆಗಳು. 1907ರಲ್ಲಿ ವಿದ್ಯುತ್ ಟ್ರಾಮು ಬಂದಿತು. ಅನಂತರವೂ ಒಂದು ಶತಮಾನ ಕಾಲ ವಿಕ್ಟೋರಿಯಾ ಗಾಡಿಗಳು ಓಡಿದವು. 2015ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಅವುಗಳನ್ನು ಕಾನೂನುಬಾಹಿರವೆಂದು ಸಾರಿ, ಒಂದು ವರ್ಷದೊಳಗೆ ನಿಲ್ಲಿಸುವಂತೆ ಆದೇಶಿಸಿತು. ಕುದುರೆಗಳ ದುಃಸ್ಥಿತಿಯನ್ನು ಕಂಡವರು ಆ ತೀರ್ಪನ್ನು ಸ್ವಾಗತಿಸಿದುದು ನ್ಯಾಯವೇ ಆಗಿತ್ತು. ಗಾಡಿ ಓಡಿಸುವವರ ಜೀವನೋಪಾಯದ ಪ್ರಶ್ನೆಯೂ ಅಷ್ಟೇ ನೈಜವಾದುದು. ಇವೆರಡರ ನಡುವೆ ಯಾರ ಗಮನಕ್ಕೂ ಬಾರದೆ ಹೋದುದು ಆ ವೃತ್ತಿಯ ಕಟ್ಟಡ ಮತ್ತು ಅದರ ಭಾಷೆ.

‘ಅಶ್ವಶಕ್ತಿ’ ಎಂಬ ಪದ ನಮ್ಮ ನೀರೆತ್ತುವ ಪಂಪಿನ ಮೇಲೆ ಉಳಿದಿದೆ. ‘ಲಗಾಮು’, ‘ಕಡಿವಾಣ’ಗಳು ರಾಜಕಾರಣದ ವರದಿಗಳಲ್ಲಿ ಉಳಿದಿವೆ. ಆದರೆ ಗೋದಲಿ ಎಂದರೇನು, ಜೀನಿನ ಯಾವ ಪಟ್ಟಿಗೆ ಯಾವ ಹೆಸರು ಎಂಬುದನ್ನು ಬಲ್ಲವರು ವಿರಳವಾಗುತ್ತಿದ್ದಾರೆ. ವಸ್ತು ಮರೆಯಾದಾಗ ಮೊದಲು ಸಾಯುವುದು ಅದರ ಭಾಗಗಳ ಹೆಸರು. ಕೊನೆಗೆ ರೂಪಕವೊಂದು ಮಾತ್ರ ಅನಾಥವಾಗಿ ಉಳಿಯುತ್ತದೆ. ವೃತ್ತಿಪದಗಳ ಸಂಗ್ರಹವನ್ನು ಕೃಷಿ, ನೇಯ್ಗೆ, ಕುಂಬಾರಿಕೆಗಳಷ್ಟಕ್ಕೇ ಸೀಮಿತಗೊಳಿಸದೆ ಲಾಯಕ್ಕೂ ಗಾಡಿಯ ಮನೆಗೂ ವಿಸ್ತರಿಸುವುದು ಅವಶ್ಯಕ. ಮೈಸೂರಿನಲ್ಲಿ ಟಾಂಗಾ ನಡೆಸುವವರು ಇನ್ನೂ ಇದ್ದಾರೆ. ಅವರ ಮಾತನ್ನು ದಾಖಲಿಸುವ ಕೆಲಸ ಕನ್ನಡ ವಿಭಾಗಗಳದು. ಅವರ ಲಾಯದ ನಕ್ಷೆ ಬರೆಯುವ ಕೆಲಸ ವಾಸ್ತುವಿದ್ಯಾರ್ಥಿಗಳದು. ಈ ಇಬ್ಬರೂ ಜೊತೆಯಾಗಿ ಹೋಗಬೇಕೆಂಬುದೇ ಈ ಲೇಖನದ ಸೂಚನೆ. ನಕ್ಷೆಯಲ್ಲಿ ಅಳತೆ ಇರುತ್ತದೆ, ಕಾರಣ ಇರುವುದಿಲ್ಲ. ಪದಕೋಶದಲ್ಲಿ ಹೆಸರು ಇರುತ್ತದೆ, ಜಾಗ ಇರುವುದಿಲ್ಲ. ಅಂಕಣದ ಅಳತೆಯನ್ನೂ ಅದರ ಭಾಗಗಳ ಹೆಸರನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟಾಗ ಮಾತ್ರ ಲಾಯವೆಂಬ ಪಠ್ಯ ಮುಂದಿನವರ ಓದಿಗೆ ದಕ್ಕುತ್ತದೆ.